ನೇರ ಪೈಪ್ ತೆಗೆದು ಕಾಯಿಲ್ ಹಾಕಿದೆವು, ಸಿರಪ್ ಜಾಸ್ತಿ ತಣ್ಣಗಾಯಿತು, ಆದರೆ ಲೆಕ್ಕ ಕೂಡುತ್ತಿಲ್ಲ

ಧಾರವಾಡದವ_ಪುಣೆ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಪುಣೆ ಪಕ್ಕದ ಭೋಸರಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ನಾವು ಮಾಡುವುದು ಕೋಕಂ ಸಿರಪ್. ಮಂಗಳೂರು ಕಡೆಯವರು ಪುನರ್ಪುಳಿ ಅನ್ನುತ್ತಾರಲ್ಲ, ಅದೇ. ಸಕ್ಕರೆ 65 ಬ್ರಿಕ್ಸ್, ಅಂದರೆ ನೂರು ಗ್ರಾಂ ಸಿರಪ್‌ನಲ್ಲಿ 65 ಗ್ರಾಂ ಸಕ್ಕರೆ, ಒಳ್ಳೆ ಗಟ್ಟಿ ಪಾಕ. 85 ಡಿಗ್ರಿಗೆ ಕಾಯಿಸಿ, 50ಕ್ಕೆ ಇಳಿಸಿ ಬಾಟಲಿಗೆ ತುಂಬಬೇಕು. ಬಿಸಿ ಜಾಸ್ತಿ ಇದ್ದರೆ ಪ್ಲಾಸ್ಟಿಕ್ ಬಾಟಲಿ ಸೊಟ್ಟಗಾಗುತ್ತದೆ.

ಮೊದಲು 10 ಮಿ.ಮೀ. ಒಳವ್ಯಾಸದ ಸ್ಟೀಲ್ ಪೈಪ್ ಇತ್ತು. 2 ಮೀಟರಿನ 5 ಸಾಲು, ನೀರಿನ ತೊಟ್ಟಿಯಲ್ಲಿ ಮುಳುಗಿಸಿದ್ದೆವು. ನಿಮಿಷಕ್ಕೆ 2 ಲೀಟರ್ ಸಿರಪ್ ಹರಿಯುತ್ತದೆ. ತೊಟ್ಟಿಯ ನೀರು 30 ಡಿಗ್ರಿ. ಸಿರಪ್ 68 ಡಿಗ್ರಿಯಲ್ಲಿ ಹೊರಬರುತ್ತಿತ್ತು. ಕಳೆದ ತಿಂಗಳು ಅಷ್ಟೇ ಉದ್ದದ, ಅದೇ ಅಳತೆಯ ಪೈಪನ್ನು 25 ಸೆಂ.ಮೀ. ವ್ಯಾಸಕ್ಕೆ ಸ್ಪ್ರಿಂಗ್ ಥರ ಸುತ್ತಿಸಿ ಅದೇ ತೊಟ್ಟಿಗೆ ಇಳಿಸಿದೆವು. ಈಗ 59 ಡಿಗ್ರಿ. ಪಂಪ್ ಅದೇ, ನೀರು ಅದೇ. ಪೈಪ್ ಬಾಗಿದೆ, ಅಷ್ಟೇ ವ್ಯತ್ಯಾಸ.

ನನ್ನ ಪ್ರಶ್ನೆಗಳು ಇವು. ಸುಮ್ನೆ ಬಾಗಿಸಿದ್ದಕ್ಕೆ ಇಷ್ಟು ಲಾಭ ಎಲ್ಲಿಂದ ಬಂತು? ಗಟ್ಟಿ ದ್ರವಕ್ಕೆ ಕಾಯಿಲ್ ಹಾಕಿದರೆ ಶಾಖ ಮೂರು ಪಟ್ಟು ದಾಟುತ್ತದೆ ಎಂದು ಓದಿದ್ದೆ. ಸಿರಪ್‌ಗೂ ನೀರಿಗೂ ಇರುವ ಉಷ್ಣತೆಯ ಅಂತರವನ್ನೂ ಹಿಡಿದರೆ ನನ್ನ ಲೆಕ್ಕದಲ್ಲಿ 1.73 ಪಟ್ಟು ಮಾತ್ರ ಬರುತ್ತಿದೆ. ಉಳಿದದ್ದು ಎಲ್ಲಿ ಹೋಯಿತು? ಇನ್ನೊಂದು, ನಮ್ಮ ಸಾಹೇಬರು ಸ್ಪ್ರಿಂಗ್ ಬೇಡ, ಚಕ್ಕುಲಿ ಥರ ಚಪ್ಪಟೆ ಸುರುಳಿ ಮಾಡಿಸೋಣ, ತಳದಲ್ಲಿ ಕೂರುತ್ತದೆ ಅನ್ನುತ್ತಿದ್ದಾರೆ. ಸರಿನಾ?

ನನ್ನದು ಮೆಕ್ಯಾನಿಕಲ್ ಡಿಪ್ಲೊಮಾ. ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಚೆಂಬೂರು_ಹೋಟೆಲ್ · ಸೋಮವಾರ ರಾತ್ರಿ

ತಮ್ಮಾ, ಒಳ್ಳೆ ಪ್ರಶ್ನೆ. ನಮ್ಮ ಇಡ್ಲಿ ಸ್ಟೀಮರ್‌ಗೆ ಹಬೆ ಕೊಡುವುದೂ ಕಾಯಿಲ್ ಬಾಯ್ಲರೇ. ಬೆಳಿಗ್ಗೆ ನಾಲ್ಕೂವರೆಗೆ ಹಚ್ಚಿದರೆ ಐದು ನಿಮಿಷದೊಳಗೆ ಹಬೆ ಬರುತ್ತದೆ. ಒಳಗೆ ನೀರು ಸ್ವಲ್ಪವೇ ಇರುವುದರಿಂದ ಕಾಯಲು ಹೊತ್ತು ಬೇಕಿಲ್ಲ. 25 ಲೀಟರ್‌ಗಿಂತ ಕಡಿಮೆ ನೀರು ಹಿಡಿಯುವಂಥದ್ದು ಬಾಯ್ಲರ್ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಸಣ್ಣ ಹೋಟೆಲಿನವರು ಇದನ್ನೇ ಹಾಕಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಬಾಗಿದರೆ ಯಾಕೆ ಶಾಖ ಜಾಸ್ತಿ ದಾಟುತ್ತದೆ ಎಂದು ಮಾತ್ರ ಇಷ್ಟು ವರ್ಷ ಯೋಚಿಸಿರಲಿಲ್ಲ. ತಿಳಿದವರು ಬರೆಯಲಿ, ನಾನೂ ಓದುತ್ತೇನೆ.

ಡೊಂಬಿವಲಿ_ನಿವೃತ್ತ · ಮಂಗಳವಾರ ಬೆಳಿಗ್ಗೆ

ಠಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ ಹೀಟ್ ಎಕ್ಸ್‌ಚೇಂಜರ್ ಡಿಸೈನ್ ಮಾಡುತ್ತಾ ಮೂವತ್ತು ವರ್ಷ ಕಳೆದವನು ನಾನು. ನನಗೆ ಬಹಳ ಇಷ್ಟವಾದ ವಿಷಯ ಇದು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನೇರ ಪೈಪಿನಲ್ಲಿ ಏನಾಗುತ್ತದೆ ನೋಡಿ. ನಿಮ್ಮ ಸಿರಪ್ 60 ಡಿಗ್ರಿಯಲ್ಲಿ ನೀರಿಗಿಂತ ಹತ್ತಾರು ಪಟ್ಟು ಗಟ್ಟಿ. ವೇಗ ಸೆಕೆಂಡಿಗೆ 42 ಸೆಂ.ಮೀ. ಹರಿವಿನ ನುಗ್ಗು ದ್ರವದ ಗಟ್ಟಿತನದ ತಡೆಗಿಂತ ಎಷ್ಟು ಜೋರು ಎಂದು ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 275. ಅಂದರೆ ಪೂರ್ತಿ ಪದರ ಹರಿವು. ನಡುವಿನ ಸಿರಪ್ ನಡುವೆಯೇ ಹೋಗುತ್ತದೆ, ಗೋಡೆ ಪಕ್ಕದ್ದು ಗೋಡೆ ಪಕ್ಕವೇ ತೆವಳುತ್ತದೆ. ಒಂದು ಪದರ ಇನ್ನೊಂದರ ಮನೆಗೆ ಹೋಗುವುದಿಲ್ಲ. ಗೋಡೆ ಪಕ್ಕದ್ದು ತಣ್ಣಗಾಗಿ ಇನ್ನೂ ಗಟ್ಟಿಯಾಗುತ್ತದೆ. ಆ ಗಟ್ಟಿ ಪದರವೇ ನಡುವಿನ ಬಿಸಿ ಸಿರಪ್‌ಗೆ ಕಂಬಳಿ ಹೊದಿಸಿದಂತೆ. ನಡುವಿನ ಬಿಸಿ ಹೊರಗೆ ಬರಬೇಕಾದರೆ ಪದರದಿಂದ ಪದರಕ್ಕೆ ನಿಧಾನವಾಗಿ ದಾಟಿಕೊಂಡೇ ಬರಬೇಕು.

ಈಗ ಪೈಪ್ ಬಾಗಿಸಿ. ಖಂಡಾಳ ಘಾಟಿನಲ್ಲಿ ಬಸ್ಸು ತಿರುಗಿದಾಗ ನಿಂತವರು ಹೊರಗಡೆಗೆ ವಾಲುತ್ತಾರೆ, ಅಲ್ವಾ? ಬಸ್ಸಿನ ವೇಗ ಜಾಸ್ತಿ ಆದಷ್ಟೂ ಜಾಸ್ತಿ ವಾಲುತ್ತಾರೆ. ಪೈಪಿನ ನಡುವಿನ ಸಿರಪ್‌ಗೆ ವೇಗ ಜಾಸ್ತಿ. ಅದು ತಿರುವಿನ ಹೊರಗೋಡೆಯ ಕಡೆಗೆ ನುಗ್ಗುತ್ತದೆ. ಹೊರಗೋಡೆಯಲ್ಲಿ ಒತ್ತಡ ಏರುತ್ತದೆ. ಗೋಡೆ ಪಕ್ಕದ ನಿಧಾನದ ಸಿರಪ್‌ಗೆ ಆ ಒತ್ತಡವನ್ನು ತಡೆಯುವ ವೇಗವಿಲ್ಲ. ಅದು ಮೇಲಿನ ಗೋಡೆ, ಕೆಳಗಿನ ಗೋಡೆ ಹಿಡಿದುಕೊಂಡು ಒಳಬದಿಗೆ ಜಾರುತ್ತದೆ. ಅಲ್ಲಿಂದ ಮತ್ತೆ ನಡುವಿಗೆ. ಹೀಗೆ ಪೈಪಿನ ಅಡ್ಡ ಸೀಳಿನಲ್ಲಿ ಎರಡು ಸುಳಿ ಹುಟ್ಟುತ್ತವೆ. ಒಂದು ಮೇಲರ್ಧದಲ್ಲಿ, ಒಂದು ಕೆಳಗಿನ ಅರ್ಧದಲ್ಲಿ, ಎದುರುಬದುರು ತಿರುಗುತ್ತವೆ. ಸಿರಪ್ ಮುಂದಕ್ಕೆ ಹೋಗುತ್ತಲೇ ಒಳಗೊಳಗೆ ಮಗುಚಿಕೊಳ್ಳುತ್ತದೆ. ಕಂಬಳಿಯನ್ನು ಹರಿವೇ ಕಿತ್ತು ಹಾಕುತ್ತದೆ.

ಮನೆಯಲ್ಲೇ ಇದರ ಅಣ್ಣತಮ್ಮನನ್ನು ನೋಡಬಹುದು. ಗಾಜಿನ ಲೋಟದ ನೀರಿಗೆ ಚಹಾ ಪುಡಿ ಹಾಕಿ ಚಮಚದಿಂದ ತಿರುಗಿಸಿ ಬಿಡಿ. ಪುಡಿ ಅಂಚಿಗೆ ಹೋಗಬೇಕು ಅನಿಸುತ್ತದೆ. ಅದು ತಳದ ನಡುವೆ ಗುಡ್ಡೆ ಹಾಕಿಕೊಳ್ಳುತ್ತದೆ. ಅಂಚಿನ ಒತ್ತಡ ತಳದ ನಿಧಾನದ ನೀರನ್ನು ಒಳಕ್ಕೆ ತಳ್ಳುತ್ತದೆ, ನೀರು ಪುಡಿಯನ್ನು ಹೊತ್ತು ತರುತ್ತದೆ. 1926ರಲ್ಲಿ ಐನ್‌ಸ್ಟೈನ್ ಇದನ್ನೇ ಎತ್ತಿಕೊಂಡು ನದಿಗಳು ಯಾಕೆ ಡೊಂಕಾಗುತ್ತವೆ ಎಂದು ವಿವರಿಸಿದರು.

ಪೈಪಿನ ಲೆಕ್ಕ ಮಾಡಿದವರು ಇಂಗ್ಲೆಂಡಿನ ಡಬ್ಲ್ಯು. ಆರ್. ಡೀನ್, 1927 ಮತ್ತು 1928ರಲ್ಲಿ. ಆ ಸುಳಿಗಳಿಗೆ ಈಗ ಡೀನ್ ಸುಳಿ ಎಂದೇ ಹೆಸರು. ಸುಳಿ ಎಷ್ಟು ಬಲವಾಗಿದೆ ಎಂದು ತಿಳಿಯಲು ಡೀನ್ ಸಂಖ್ಯೆ ಇದೆ. ಪೈಪಿನ ಒಳವ್ಯಾಸವನ್ನು ಕಾಯಿಲ್‌ನ ವ್ಯಾಸದಿಂದ ಭಾಗಿಸಿ, ವರ್ಗಮೂಲ ತೆಗೆದು, ರೆನಾಲ್ಡ್ಸ್ ಸಂಖ್ಯೆಯಿಂದ ಗುಣಿಸಿ. ನಿಮ್ಮದರಲ್ಲಿ 10 ಭಾಗಿಸು 250, ಅಂದರೆ 0.04. ವರ್ಗಮೂಲ 0.2. ಡೀನ್ ಸಂಖ್ಯೆ 55.

ಈಗ ವ್ಯಾಪಾರ ನೋಡಿ. 55ಕ್ಕೆ ಒಳಗಿನ ಶಾಖ ವರ್ಗಾವಣೆ ನೇರ ಪೈಪಿಗಿಂತ ಎರಡೂವರೆಯಿಂದ ನಾಲ್ಕು ಪಟ್ಟು ಬರುತ್ತದೆ. ಬೇರೆ ಬೇರೆ ಸೂತ್ರ ಬೇರೆ ಬೇರೆ ಉತ್ತರ ಕೊಡುತ್ತವೆ, ಅದಕ್ಕೇ ಈ ಅಂತರ. ಘರ್ಷಣೆ ಎಷ್ಟು ಏರುತ್ತದೆ? 1929ರ ವೈಟ್ ಸೂತ್ರದಲ್ಲಿ 28 ಪರ್ಸೆಂಟ್ ಮಾತ್ರ. ಪಂಪಿಗೆ ಕಾಲು ಪಾಲು ಹೊರೆ ಜಾಸ್ತಿ, ಶಾಖಕ್ಕೆ ಮೂರು ಪಟ್ಟು. ಇಂಥ ಲಾಭದ ವ್ಯಾಪಾರ ನಮ್ಮ ಕಸುಬಿನಲ್ಲಿ ಅಪರೂಪ.

ಉಳಿದ ಎರಡು ಪ್ರಶ್ನೆಗೆ ಸಂಜೆ ಬರೆಯುತ್ತೇನೆ. ಮೊಮ್ಮಗಳನ್ನು ಶಾಲೆಗೆ ಬಿಡಬೇಕು.

ಪೋಂಡಾ_ಶಿರಸಿ · ಮಂಗಳವಾರ ಮಧ್ಯಾಹ್ನ

ಡೊಂಬಿವಲಿ ಸರ್, ಓದಿ ತುಂಬಾ ಖುಷಿಯಾಯಿತು. ನಾನು ಗೋವಾದಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸುತ್ತೇನೆ. ಆ ಸುಳಿಯನ್ನು ಮಕ್ಕಳ ಜೊತೆ ಕಣ್ಣಾರೆ ನೋಡಿದ್ದೇನೆ. ಮಾಡಿದ್ದು ಹೀಗೆ.

ಗಾರೆ ಕೆಲಸದವರ ಲೆವೆಲ್ ಪೈಪ್ ಇರುತ್ತದಲ್ಲ, ಪಾರದರ್ಶಕ, ಅದು 4 ಮೀಟರ್ ತಂದೆ. ಬಕೆಟ್ ಕಪಾಟಿನ ಮೇಲಿಟ್ಟು ನೀರು ಬಿಟ್ಟೆ. ಪೈಪಿನ ಮೊದಲ ಒಂದೂವರೆ ಮೀಟರ್ ಮೇಜಿನ ಮೇಲೆ ನೇರ. ಉಳಿದದ್ದನ್ನು ಅಂಗೈ ಅಗಲದ ಸ್ಟೀಲ್ ಡಬ್ಬಿಗೆ ಸುತ್ತಿ ದಾರದಿಂದ ಕಟ್ಟಿದೆ. ತುದಿಗೆ ಕ್ಲಿಪ್ ಹಾಕಿ ಹರಿವನ್ನು ತೀರಾ ನಿಧಾನ ಮಾಡಿದೆ. ಆಮೇಲೆ ಸಿರಿಂಜ್ ಸೂಜಿಯನ್ನು ಪೈಪಿಗೆ ಚುಚ್ಚಿ, ತುದಿ ನಡುವಿಗೆ ಬರುವಂತೆ ಹಿಡಿದು, ನೀಲಿ ಶಾಯಿ ಬಿಟ್ಟೆ.

ನೇರ ಭಾಗದಲ್ಲಿ ಶಾಯಿ ದಾರದ ಹಾಗೆ ಹೋಯಿತು. ಅಲುಗಾಡಲಿಲ್ಲ. ಒಬ್ಬ ಹುಡುಗ "ಟೀಚರ್, ಪೈಪಿನೊಳಗೆ ಇನ್ನೊಂದು ಪೈಪ್" ಅಂದ. ಡಬ್ಬಿಯ ಮೊದಲ ಅರ್ಧ ಸುತ್ತು ಬರುತ್ತಿದ್ದಂತೆ ದಾರ ಹೊರಗೋಡೆಗೆ ಸರಿಯಿತು. ಅಲ್ಲಿ ಚಪ್ಪಟೆಯಾಯಿತು, ರಿಬ್ಬನ್ ಥರ. ಆಮೇಲೆ ಎರಡಾಗಿ ಸೀಳಿತು. ಒಂದು ಎಳೆ ಗೋಡೆಯ ಮೇಲಿಂದ, ಇನ್ನೊಂದು ಕೆಳಗಿನಿಂದ, ಡಬ್ಬಿಯ ಕಡೆಗೆ ತಿರುಗಿ ಬಂದವು. ಎರಡನೇ ಸುತ್ತಿನಲ್ಲಿ ಪೈಪ್ ಪೂರ್ತಿ ತಿಳಿ ನೀಲಿ. ತರಗತಿ ಒಂದು ಕ್ಷಣ ಸುಮ್ಮನಾಗಿತ್ತು.

ಡೊಂಬಿವಲಿ_ನಿವೃತ್ತ · ಮಂಗಳವಾರ ಸಂಜೆ

ಪೋಂಡಾ ಮೇಡಂ, ನೀವು ಮಾಡಿದ್ದು ಹೆಚ್ಚುಕಡಿಮೆ 1910ರ ಸುಮಾರಿಗೆ ಯೂಸ್ಟಿಸ್ ಮಾಡಿದ ಪ್ರಯೋಗವೇ. ಬಾಗಿದ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು ನೋಡಿದವರು ಅವರು. ಡೀನ್ ಲೆಕ್ಕ ಹಾಕಿದ್ದು ಆಮೇಲೆ. ನಿಮ್ಮ ಮಕ್ಕಳು ಪುಣ್ಯವಂತರು.

ಒಂದು ಮಾತು ಸೇರಿಸುತ್ತೇನೆ, ಇದರಲ್ಲಿ ಬಹಳ ಜನ ಎಡವುತ್ತಾರೆ. ಇಷ್ಟೆಲ್ಲ ಮಗುಚಿದರೂ ಅದು ಪ್ರಕ್ಷುಬ್ಧ ಹರಿವು, ಅಂದರೆ ಅಡ್ಡಾದಿಡ್ಡಿ ಕಲಕಿ ಹರಿಯುವುದು, ಅಲ್ಲ. ಇನ್ನೂ ಪದರ ಹರಿವೇ, ದಾರಿ ಮಾತ್ರ ಸುರುಳಿ. ಕಾಯಿಲ್‌ನಲ್ಲಿ ಪ್ರಕ್ಷುಬ್ಧತೆ ತಡವಾಗಿ ಬರುತ್ತದೆ. 1929ರಲ್ಲಿ ಜಿ. ಐ. ಟೇಲರ್ ಅದನ್ನೂ ಬಣ್ಣ ಬಿಟ್ಟೇ ತೋರಿಸಿದರು. ನೇರ ಪೈಪಿನಲ್ಲಿ ರೆನಾಲ್ಡ್ಸ್ 2300ರ ಹತ್ತಿರ ಹರಿವು ಕೆಡುತ್ತದೆ. ನಮ್ಮ ಪುಣೆಯವರ ಕಾಯಿಲ್‌ನಲ್ಲಿ 7000ದವರೆಗೆ ತಡೆಯುತ್ತದೆ. ಜಪಾನಿನ ಇಟೋ 1959ರಲ್ಲಿ ಕೊಟ್ಟ ಸೂತ್ರ ಇದನ್ನೇ ಹೇಳುತ್ತದೆ.

ಆದ್ದರಿಂದ ನೀರು ಹರಿಸಿ ಟೆಸ್ಟ್ ಮಾಡಿ "ಕಾಯಿಲ್ ಇಷ್ಟು ಲಾಭ ಕೊಡುತ್ತದೆ" ಎಂದು ಹೇಳಿದರೆ ನಂಬಬೇಡಿ. ಹರಿವು ಪ್ರಕ್ಷುಬ್ಧವಾದ ಮೇಲೆ ಅದೇ ತನ್ನಷ್ಟಕ್ಕೆ ಕಲಕಿಕೊಳ್ಳುತ್ತದೆ, ಸುಳಿಗೆ ಉಳಿಯುವ ಕೆಲಸ ಕಡಿಮೆ. ಆಗ 0.04ರ ಕಾಯಿಲ್ ಕೊಡುವುದು 14 ಪರ್ಸೆಂಟ್ ಅಷ್ಟೇ. ಕಾಯಿಲ್ ಇರುವುದೇ ಗಟ್ಟಿ ದ್ರವಕ್ಕೆ, ನಿಧಾನದ ಹರಿವಿಗೆ. ಪಾಕ, ಎಣ್ಣೆ, ಜೇನು, ಗ್ಲಿಸರಿನ್.

ಈಗ ಲೆಕ್ಕ ಕೂಡದ ಪ್ರಶ್ನೆ. ತಮ್ಮಾ, ನೀವು ಒಳಗಿನದ್ದನ್ನು ಮಾತ್ರ ನೋಡಿದ್ದೀರಿ. ಶಾಖ ಮೂರು ಬಾಗಿಲು ದಾಟಬೇಕು. ಸಿರಪ್‌ನಿಂದ ಗೋಡೆಗೆ, ಗೋಡೆಯೊಳಗೆ, ಗೋಡೆಯಿಂದ ತೊಟ್ಟಿಯ ನೀರಿಗೆ. ಕಾಯಿಲ್ ಅಗಲ ಮಾಡಿದ್ದು ಮೊದಲ ಬಾಗಿಲನ್ನು ಮಾತ್ರ. ತೊಟ್ಟಿಯ ನೀರು ನಿಂತ ನೀರು, ಅಲ್ವಾ? ಒಟ್ಟು ತಡೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ನಾನು ಅಂದಾಜು ಹಾಕಿದಂತೆ ಈಗ ಅದರಲ್ಲಿ 62 ರೂಪಾಯಿ ಹೊರಗಿನ ನಿಂತ ನೀರಿನದ್ದು. 36 ಒಳಗಿನ ಸಿರಪ್‌ನದ್ದು. ಸ್ಟೀಲ್ ಗೋಡೆಯದ್ದು 2.

ಪರೀಕ್ಷೆ ಸುಲಭ. ಸಿರಪ್ ಹರಿಯುತ್ತಿರುವಾಗ ಒಂದು ಕೋಲು ತೆಗೆದುಕೊಂಡು ತೊಟ್ಟಿಯ ನೀರು ಕಲಕಿ. ಸಿರಪ್‌ನ ಉಷ್ಣತೆ ಇಳಿದರೆ ಕಳ್ಳ ಹೊರಗಿದ್ದಾನೆ. ಇಳಿಯದಿದ್ದರೆ ಒಳಗಿದ್ದಾನೆ.

ಚೆಂಬೂರು_ಹೋಟೆಲ್ · ಮಂಗಳವಾರ ರಾತ್ರಿ

ಸರ್, ಹಾಗಾದರೆ ತಾಮ್ರದ ಕಾಯಿಲ್ ಹಾಕಿದರೆ? ತಾಮ್ರ ಬೇಗ ಬಿಸಿ ಬಿಡುತ್ತದೆ ಅನ್ನುತ್ತಾರೆ.

ಡೊಂಬಿವಲಿ_ನಿವೃತ್ತ · ಮಂಗಳವಾರ ರಾತ್ರಿ

ತಾಮ್ರ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ, ನಿಜ. ಆದರೆ ಉಳಿಯುವುದು ಆ 2 ರೂಪಾಯಿ ಮಾತ್ರ. ಅದಕ್ಕಿಂತ ಮುಖ್ಯ, ಕೋಕಂ ಹುಳಿ ಪದಾರ್ಥ. ಹುಳಿಗೆ ಕಲಾಯಿ ಇಲ್ಲದ ತಾಮ್ರ ಕೂಡದು. ನಮ್ಮ ಅಜ್ಜಿಯರು ತಾಮ್ರದ ಪಾತ್ರೆಯಲ್ಲಿ ಹುಣಸೆ ಕಿವುಚುತ್ತಿರಲಿಲ್ಲ. ಸ್ಟೀಲೇ ಇರಲಿ. ಆದರೆ 316 ದರ್ಜೆ ಹಾಕಿ, ಹುಳಿಗೆ ಅದು 304ಕ್ಕಿಂತ ಚೆನ್ನಾಗಿ ತಡೆಯುತ್ತದೆ.

ಚೆಂಬೂರು_ಹೋಟೆಲ್ · ಮಂಗಳವಾರ ರಾತ್ರಿ

ಗೊತ್ತಾಯಿತು. ನನ್ನ ಅನುಭವದ ಒಂದು ಮಾತು ಹೇಳಿಬಿಡುತ್ತೇನೆ. ಪಾಲಿಕೆಯ ನೀರು ಕೆರೆಯದ್ದು, ಮೆದು ನೀರು. ವರ್ಷಗಟ್ಟಲೆ ನಮ್ಮ ಕಾಯಿಲ್‌ಗೆ ಏನೂ ಆಗಿರಲಿಲ್ಲ. ಒಂದು ಬೇಸಿಗೆಯಲ್ಲಿ ನೀರು ಕಡಿತವಾಗಿ ಎರಡು ತಿಂಗಳು ಟ್ಯಾಂಕರ್ ತರಿಸಿದೆವು. ಬೋರ್‌ವೆಲ್ ನೀರು. ಗ್ಯಾಸ್ ಖರ್ಚು ಏರಿತು, ಹಬೆ ಇಳಿಯಿತು. ಒಲೆ ಕೆಟ್ಟಿದೆ ಎಂದು ಬರ್ನರ್ ಬದಲಿಸಿದೆ. ಪ್ರಯೋಜನ ಆಗಲಿಲ್ಲ. ಕಡೆಗೆ ಕಾಯಿಲ್‌ನ ತುದಿ ಬಿಚ್ಚಿ ನೋಡಿದರೆ ಒಳಗೆ ಬೆಳ್ಳಗೆ ಸುಣ್ಣ, ಬೆರಳ ಉಗುರಿನಷ್ಟು ದಪ್ಪ. ನೇರ ಪೈಪಾದರೆ ಬ್ರಷ್ ಹಾಕಬಹುದು. ಸುರುಳಿಯೊಳಗೆ ಬ್ರಷ್ ಹೋಗುವುದಿಲ್ಲ. ಆಸಿಡ್ ಸುತ್ತಿಸಿಯೇ ತೊಳೆಸಬೇಕಾಯಿತು. ಈಗ ಟ್ಯಾಂಕರ್ ಬಂದರೆ ಸಾಫ್ಟನರ್ ದಾಟಿಸದೆ ಬಾಯ್ಲರಿಗೆ ಬಿಡುವುದಿಲ್ಲ.

ಡೊಂಬಿವಲಿ_ನಿವೃತ್ತ · ಮಂಗಳವಾರ ರಾತ್ರಿ

ಎಲ್ಲರೂ ಓದಬೇಕಾದ ಮಾತು ಇದು. 1 ಮಿ.ಮೀ. ಸುಣ್ಣ ಅಂದರೆ ಗೋಡೆಗೆ ಏಳೆಂಟು ಮಿ.ಮೀ. ಸ್ಟೀಲ್ ಜಾಸ್ತಿ ಹಾಕಿದಂತೆ. ಆಗ ಗೋಡೆಯದ್ದು ಬರೀ 2 ರೂಪಾಯಿ ಆಗಿ ಉಳಿಯುವುದಿಲ್ಲ. ಪುಣೆಯವರೇ, ನಿಮ್ಮ ತೊಟ್ಟಿಗೆ ಬೋರ್ ನೀರಾದರೆ ಕಾಯಿಲ್‌ನ ಹೊರಮೈ ಮೇಲೂ ಇದೇ ಕೂರುತ್ತದೆ. ತಿಂಗಳಿಗೊಮ್ಮೆ ಕೈಯಿಂದ ಸವರಿ ನೋಡಿ.

ಮಾಟುಂಗ_ರಿಸರ್ಚ್ · ಬುಧವಾರ ಮಧ್ಯಾಹ್ನ

ನಾನು ಮಾಟುಂಗದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಸಂಶೋಧನೆ ಮಾಡುತ್ತಿದ್ದೇನೆ. ಸರ್ ಶಾಖದ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಇನ್ನೊಂದು ಮುಖ, ದ್ರವ್ಯ ವರ್ಗಾವಣೆ, ಅಂದರೆ ಕರಗಿದ ಪದಾರ್ಥ ದ್ರವದೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವುದು. ಕಾಯಿಲ್‌ನ ಉಪಕಾರ ಅಲ್ಲಿ ಇನ್ನೂ ದೊಡ್ಡದು.

ಒಂದೇ ಪೈಪಿನಲ್ಲಿ ಎರಡನ್ನೂ ಹೋಲಿಸಿ. 10 ಮಿ.ಮೀ. ಪೈಪ್, ಒಳಗೆ ನೀರು. ಸುಳಿ ಇಲ್ಲ, ಕಲಕುವುದಿಲ್ಲ. ಶಾಖ ನಡುವಿನಿಂದ ಗೋಡೆಗೆ ತಾನಾಗಿ ಹರಡಲು ಮೂರು ನಿಮಿಷದ ಆಸುಪಾಸು ಸಾಕು. ನಡುವೆ ಕರಗಿದ ಉಪ್ಪು ಅಷ್ಟೇ ದೂರ ತಾನಾಗಿ ಹರಡಲು? ನಾಲ್ಕೈದು ಗಂಟೆ. ಸಕ್ಕರೆಗೆ ಅದಕ್ಕಿಂತ ಜಾಸ್ತಿ, ಗಟ್ಟಿ ಪಾಕದಲ್ಲಂತೂ ಕೇಳಲೇಬೇಡಿ. ದ್ರವದಲ್ಲಿ ಅಣುಗಳು ಅಷ್ಟು ನಿಧಾನ. ಯಾರಾದರೂ ಹೊತ್ತುಕೊಂಡು ಹೋಗಬೇಕು. ಡೀನ್ ಸುಳಿ ಮಾಡುವುದು ಅದನ್ನೇ.

ಇನ್ನೊಂದಿದೆ. ನೇರ ಪೈಪಿನ ಪದರ ಹರಿವಿನಲ್ಲಿ ನಡುವಿನ ದ್ರವ ಸರಾಸರಿಯ ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಸರಾಸರಿ 30 ಸೆಕೆಂಡ್ ಒಳಗಿರುತ್ತದೆ ಎಂದು ನೀವು ಅಂದುಕೊಂಡರೆ, ನಡುವಿನದ್ದು 15 ಸೆಕೆಂಡಿಗೇ ಹೊರಗೆ. ಗೋಡೆ ಪಕ್ಕದ್ದು ಎಷ್ಟೋ ಹೊತ್ತು ಅಲ್ಲೇ. ಹಾಲನ್ನು ಪಾಶ್ಚರೀಕರಿಸುವಾಗ 72 ಡಿಗ್ರಿಯಲ್ಲಿ 15 ಸೆಕೆಂಡ್ ಹಿಡಿಯಬೇಕು. ಅಂಥ ಕಡೆ ಲೆಕ್ಕಕ್ಕೆ ಬರುವುದು ಎಲ್ಲಕ್ಕಿಂತ ಬೇಗ ಓಡಿಹೋದ ಹನಿ, ಸರಾಸರಿ ಅಲ್ಲ. ಕಾಯಿಲ್‌ನಲ್ಲಿ ನಡುವಿನದ್ದು ಗೋಡೆಗೆ, ಗೋಡೆಯದ್ದು ನಡುವಿಗೆ ಬದಲಾಗುತ್ತಾ ಇರುವುದರಿಂದ ಎಲ್ಲ ಹನಿಗಳೂ ಹೆಚ್ಚುಕಡಿಮೆ ಒಟ್ಟಿಗೆ ಹೊರಬರುತ್ತವೆ.

ಇದನ್ನು ಇನ್ನೂ ಮುಂದಕ್ಕೆ ಒಯ್ದವರು ನಮ್ಮವರೇ. ಐಐಟಿ ದೆಹಲಿಯ ಸಕ್ಸೇನಾ ಮತ್ತು ನಿಗಮ್, 1984ರಲ್ಲಿ. ಕಾಯಿಲ್ ಒಂದೇ ದಿಕ್ಕಿಗೆ ಸುತ್ತುತ್ತಾ ಹೋದರೆ ಎರಡು ಸುಳಿಗಳ ನಡುಭಾಗ ತಮ್ಮಲ್ಲೇ ತಿರುಗುತ್ತಾ ಉಳಿಯುತ್ತದೆ, ಹೊರಗಿನವರ ಜೊತೆ ಬೆರೆಯುವುದಿಲ್ಲ. ಅವರು ಕೆಲವು ಸುತ್ತಿಗೊಮ್ಮೆ ಕಾಯಿಲ್‌ನ ಅಕ್ಷವನ್ನೇ 90 ಡಿಗ್ರಿ ತಿರುಗಿಸಿದರು. ಸುಳಿಗಳೂ ತಿರುಗಿದವು, ಒಳಗೆ ಅಡಗಿದ್ದದ್ದು ಹೊರಬಂತು. ಯಾವ ಮೋಟರೂ ಇಲ್ಲ, ಒಳಗೆ ಯಾವ ಬ್ಲೇಡೂ ಇಲ್ಲ. ಬರೀ ಬಾಗು. ಮೊದಲ ಸಲ ಆ ಚಿತ್ರ ನೋಡಿದಾಗ ಇಷ್ಟು ಸರಳವಾದದ್ದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲವಲ್ಲ ಅನಿಸಿತು. ಈಗ ಔಷಧಿ ತಯಾರಿಕೆಯಲ್ಲಿ ನಿರಂತರ ಹರಿವಿನ ರಿಯಾಕ್ಟರ್‌ಗಳಿಗೆ ಇದನ್ನು ಬಳಸುತ್ತಾರೆ.

ಧಾರವಾಡದವರೇ, ನಿಮಗೂ ಇದರ ಉಪಯೋಗ ಇದೆ. ಕೋಕಂ ಮುಗಿಸಿ ನಿಂಬೆ ಸಿರಪ್‌ಗೆ ಬದಲಾಯಿಸುವಾಗ ಎಷ್ಟು ಬಾಟಲಿ ಕೆಂಪು ಬಣ್ಣ ಬೆರೆತು ಹಾಳಾಗುತ್ತಿತ್ತು, ಈಗ ಎಷ್ಟು ಎಂದು ಎಣಿಸಿದ್ದೀರಾ?

ಧಾರವಾಡದವ_ಪುಣೆ · ಬುಧವಾರ ರಾತ್ರಿ

ಮೇಡಂ, ನೀವು ಕೇಳಿದ ಮೇಲೆ ರಿಜಿಸ್ಟರ್ ತೆಗೆದೆ. ನೇರ ಪೈಪ್ ಇದ್ದಾಗ ಬದಲಾಯಿಸುವಾಗೆಲ್ಲ ಒಂದು ಕ್ರೇಟಿನ ಮೇಲೆ ಹೋಗುತ್ತಿತ್ತು. ಈಗ ಅರ್ಧ ಕ್ರೇಟು. ಹುಡುಗರು ಚೆನ್ನಾಗಿ ತೊಳೆಯಲು ಕಲಿತರು ಎಂದುಕೊಂಡಿದ್ದೆವು.

ಸರ್ ಹೇಳಿದ ಕೋಲಿನ ಪರೀಕ್ಷೆ ಇವತ್ತು ಮಾಡಿದೆ. ನಿಮಗೆ ಹೇಗೆ ಹೇಳಲಿ! 59 ಇತ್ತು. ಕಲಕಲು ಶುರು ಮಾಡಿ ಎರಡು ನಿಮಿಷಕ್ಕೆ 57, ಆಮೇಲೆ 55, 54. ಕೈ ನಿಲ್ಲಿಸಿದೆ, ಮತ್ತೆ ಏರಿತು. ಕಾಯಿಲ್ ಪಕ್ಕದ ನೀರಿಗೆ ಕೈ ಅದ್ದಿದರೆ ಬೆಚ್ಚಗೆ, ಒಂದು ಮೊಳ ಆಚೆ ತಣ್ಣಗೆ. ಇಷ್ಟು ದಿನ ತೊಟ್ಟಿಯ ಮೂಲೆಯಲ್ಲಿ ಥರ್ಮಾಮೀಟರ್ ಇಟ್ಟು 30 ಎಂದು ಬರೆಯುತ್ತಿದ್ದೆ.

ಏರ್ ಕೂಲರಿನ ಹಳೆಯ ಪಂಪ್ ಇದೆ. ಅದನ್ನು ತೊಟ್ಟಿಗೆ ಬಿಡಲೇ?

ಡೊಂಬಿವಲಿ_ನಿವೃತ್ತ · ಬುಧವಾರ ರಾತ್ರಿ

ಬಿಡಿ. ಆದರೆ ಸುಮ್ನೆ ಬಿಟ್ಟರೆ ನೀರು ಕಾಯಿಲ್‌ನ ಖಾಲಿ ನಡುವಿನಿಂದ ಹಾದು ಹೋಗುತ್ತದೆ. ಅಲ್ಲಿ ತಡೆಯಿಲ್ಲ, ಪೈಪಿಗೆ ತಾಗುವುದೇ ಇಲ್ಲ. ಕಾಯಿಲ್ ನಡುವೆ ನೀರು ತುಂಬಿ ಮುಚ್ಚಿದ ಒಂದು ಡ್ರಮ್ ಕೂರಿಸಿ. ಹೊರಗಡೆ ತಗಡಿನ ಬಳೆ ಹಾಕಿ. ಈಗ ನೀರಿಗೆ ಕಾಯಿಲ್ ಸುತ್ತಲಿನ ಸಂದು ಬಿಟ್ಟರೆ ಬೇರೆ ದಾರಿ ಇಲ್ಲ. ಸೆಕೆಂಡಿಗೆ 5 ಸೆಂ.ಮೀ. ಸರಿದರೂ ಸಾಕು. ಸಿರಪ್ ಮೇಲಿನಿಂದ ಕೆಳಕ್ಕೆ ಬರಲಿ, ತಣ್ಣೀರು ಕೆಳಗಿನಿಂದ ಮೇಲಕ್ಕೆ ಹೋಗಲಿ.

ಪೋಂಡಾ_ಶಿರಸಿ · ಗುರುವಾರ ಬೆಳಿಗ್ಗೆ

ಇಲ್ಲಿ ಗೇರು ಹಣ್ಣಿನ ಕಾಲದಲ್ಲಿ, ಮಾರ್ಚ್‌ನಿಂದ ಮೇವರೆಗೆ, ಫೆನಿ ಭಟ್ಟಿಗಳಲ್ಲಿ ಇದೇ ಪದ್ಧತಿ ಕಂಡಿದ್ದೇನೆ. ನಮ್ಮ ಮನೆ ಹಿಂದಿನ ಗುಡ್ಡದಲ್ಲಿ ಒಂದು ಭಟ್ಟಿ ಇದೆ. ತಾಮ್ರದ ಹಂಡೆಯಿಂದ ಹೊರಟ ಆವಿ ಸಿಮೆಂಟ್ ತೊಟ್ಟಿಯ ನೀರಿನಲ್ಲಿ ಮುಳುಗಿದ ತಾಮ್ರದ ಸುರುಳಿಯೊಳಗೆ ಇಳಿಯುತ್ತದೆ. ಆವಿ ಮೇಲಿನಿಂದ ಒಳಗೆ, ಹನಿ ಕೆಳಗಿನಿಂದ ಹೊರಗೆ. ತಣ್ಣೀರು ತಳಕ್ಕೆ ಬಿಡುತ್ತಾರೆ, ಬಿಸಿ ನೀರು ಮೇಲಿನಿಂದ ಚೆಲ್ಲುತ್ತದೆ. ಆ ಅಜ್ಜ ತೊಟ್ಟಿಯ ಮೇಲ್ಮೈ ನೀರಿಗೆ ಬೆರಳಿಟ್ಟು, "ಇನ್ನೂ ಎರಡು ಕೊಡ ಹಾಕು" ಅನ್ನುತ್ತಾರೆ. ಬೆರಳೇ ಅವರ ಥರ್ಮಾಮೀಟರ್. ಸುರುಳಿಯ ಇಳಿಜಾರು ಎಲ್ಲೂ ತಪ್ಪಬಾರದು ಎಂದು ಅವರಿಗೆ ಗೊತ್ತು. ಒಂದು ಸುತ್ತು ಕೆಳಗೆ ಜೋತರೂ ಅಲ್ಲಿ ದ್ರವ ನಿಂತು, ಹನಿ ಬಿಟ್ಟು ಬಿಟ್ಟು ಉಗುಳಿದ ಹಾಗೆ ಬರುತ್ತದೆ. 2009ರಲ್ಲಿ ಫೆನಿಗೆ ಭೌಗೋಳಿಕ ಗುರುತು ಸಿಕ್ಕಿತು. ಈ ಕೈಕೆಲಸವೂ ಅದರೊಳಗೆ ಸೇರಿದೆ ಎಂದು ನಾನು ತಿಳಿದಿದ್ದೇನೆ.

ಡೊಂಬಿವಲಿ_ನಿವೃತ್ತ · ಗುರುವಾರ ಮಧ್ಯಾಹ್ನ

ಆ ಅಜ್ಜನಿಗೆ ನನ್ನ ನಮಸ್ಕಾರ ಹೇಳಿ. ಆವಿ ತಣಿಯುವಾಗ ಒಳಬದಿಯ ಬಾಗಿಲು ಮೊದಲೇ ಅಗಲವಾಗಿರುತ್ತದೆ. ತಡೆ ಎಲ್ಲ ಹೊರಗಿನ ನೀರಿನದ್ದೇ. ಅವರು ಬೆರಳಿಟ್ಟು ನೋಡುತ್ತಿರುವುದು ಸರಿಯಾದ ಜಾಗವನ್ನೇ.

ಈಗ ಚಕ್ಕುಲಿಯ ಪ್ರಶ್ನೆ. ಸ್ಪ್ರಿಂಗ್ ಕಾಯಿಲ್‌ನಲ್ಲಿ ಬಾಗು ಎಲ್ಲ ಕಡೆ ಒಂದೇ. ಚಕ್ಕುಲಿಯಲ್ಲಿ ಹೊರಸುತ್ತು ಸಡಿಲ, ಒಳಸುತ್ತು ಬಿಗಿ. ಹೊರಸುತ್ತು 50 ಸೆಂ.ಮೀ., ಒಳಸುತ್ತು 10 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಸಿರಪ್ ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ, ರೆನಾಲ್ಡ್ಸ್ ಇಳಿಯುತ್ತದೆ. ಒಳಗೆ ಬರುವಾಗ 600ರ ಹತ್ತಿರ, ಹೊರಗೆ ಹೋಗುವಾಗ 190ರ ಹತ್ತಿರ. ಬಿಸಿ ಸಿರಪ್ಪನ್ನು ನಡುವಿನಿಂದ ಬಿಟ್ಟರೆ ಡೀನ್ ಸಂಖ್ಯೆ 190ರಿಂದ ಶುರುವಾಗಿ 27ಕ್ಕೆ ಕುಸಿಯುತ್ತದೆ. ಸುಳಿ ಬೇಕೇ ಬೇಕು ಅನ್ನುವ ಕಡೆ, ಅಂದರೆ ಗಟ್ಟಿಯಾದ ಕೊನೆಯಲ್ಲಿ, ಅದೇ ಇರುವುದಿಲ್ಲ. ಹೊರಗಿನಿಂದ ಒಳಕ್ಕೆ ಬಿಟ್ಟರೆ 85ರಿಂದ 60. ಸಿರಪ್ ಸೋತಷ್ಟೂ ಬಾಗು ಬಿಗಿಯಾಗಿ ಕೈಹಿಡಿಯುತ್ತದೆ. ಆದ್ದರಿಂದ ಚಕ್ಕುಲಿ ಮಾಡಿಸುವುದಾದರೆ ಬಿಸಿ ಹೊರಸುತ್ತಿನಿಂದ ಒಳಗೆ ಬರಲಿ, ನಡುವಿನಿಂದ ಹೊರಗೆ ಹೋಗಲಿ.

ಆದರೆ ನನ್ನ ಮಾತು ಕೇಳುವುದಾದರೆ ನಿಮಗೆ ಸ್ಪ್ರಿಂಗೇ ಸರಿ. ಚಪ್ಪಟೆ ಸುರುಳಿ ಆಳವಿಲ್ಲದ ತೊಟ್ಟಿಗೆ, ಜಾಗ ಇಲ್ಲದ ಕಡೆಗೆ ಒಳ್ಳೆಯದು. ಅದಕ್ಕೆ ಇಳಿಜಾರು ಇರುವುದಿಲ್ಲ. ತೊಳೆದ ನೀರು ಸುತ್ತುಗಳಲ್ಲಿ ನಿಲ್ಲುತ್ತದೆ. ತಿನ್ನುವ ಪದಾರ್ಥಕ್ಕೆ ಅದು ಅಪಾಯ.

ಚಿಂಚವಾಡ_ನಿಪ್ಪಾಣಿ · ಗುರುವಾರ ರಾತ್ರಿ

ನಾನು ಪೈಪ್ ಬಗ್ಗಿಸುವವನು. ಚಿಂಚವಾಡದಲ್ಲಿ ಸಣ್ಣ ಶೆಡ್ ಇದೆ. ಓದುತ್ತಾ ಕೂತಿದ್ದೆ, ಈಗ ನನ್ನ ಪಾಳಿ ಬಂತು.

ಡೊಂಬಿವಲಿ ಸರ್ ಹೇಳಿದ 10 ಸೆಂ.ಮೀ. ಒಳಸುತ್ತು ಈ ಪೈಪಿಗೆ ಬಹಳ ಬಿಗಿ. 15ಕ್ಕಿಂತ ಕೆಳಗೆ ಬಂದರೆ ಪೈಪ್ ದುಂಡಗೆ ಉಳಿಯುವುದು ಕಷ್ಟ, ಮೊಟ್ಟೆ ಆಕಾರ ಆಗುತ್ತದೆ. ಹೊರಮೈ ಎಳೆದು ತೆಳುವಾಗುತ್ತದೆ, ಒಳಮೈ ಸುಕ್ಕಾಗುತ್ತದೆ. ಸುಕ್ಕಿನಲ್ಲಿ ಪಾಕ ಕೂತರೆ ತೊಳೆದರೂ ಹೋಗುವುದಿಲ್ಲ. ಬೇರೆ ಕಡೆ ಮಾಡಿಸಿದ ಇಂಥ ಒಂದು ಕಾಯಿಲ್ ನನ್ನ ಹತ್ತಿರ ರಿಪೇರಿಗೆ ಬಂದಿತ್ತು. ಕತ್ತರಿಸಿ ನೋಡಿದರೆ ಮೂರು ಸುತ್ತು ಅರ್ಧ ಮುಚ್ಚಿತ್ತು. ಪಂಪ್ ಬದಲಿಸಿ ಬದಲಿಸಿ ಅವರು ಸುಸ್ತಾಗಿದ್ದರು.

ಸರಿಯಾಗಿ ಬಗ್ಗಿಸಲು ಸಣ್ಣ ಮರಳನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಒಣಗಿಸಬೇಕು. ಪೈಪ್ ನಿಲ್ಲಿಸಿ, ತಟ್ಟುತ್ತಾ ತಟ್ಟುತ್ತಾ ತುಂಬಬೇಕು. ಎರಡೂ ತುದಿಗೆ ಬಿರಡೆ ಹೊಡೆಯಬೇಕು. ಒಣಗಿಸುವುದನ್ನು ಮಾತ್ರ ಯಾರೂ ಬಿಡಬೇಡಿ. ಹಸಿ ಮರಳಿದ್ದು ಪೈಪಿಗೆ ಬೆಂಕಿ ತೋರಿಸಿದರೆ ಒಳಗೆ ಹಬೆ ಕಟ್ಟಿ ಬಿರಡೆ ಗುಂಡಿನ ಹಾಗೆ ಹಾರುತ್ತದೆ. ಸುತ್ತುವಾಗ ಬೇಕಾದ ಅಳತೆಗಿಂತ ಸ್ವಲ್ಪ ಸಣ್ಣ ಡ್ರಮ್ ಮೇಲೆ ಸುತ್ತುತ್ತೇನೆ. ಬಿಟ್ಟ ಮೇಲೆ ಪೈಪ್ ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಮರಳು ಒಂದು ಕಣವೂ ಉಳಿಯದಂತೆ ಗಾಳಿ, ನೀರು, ಮತ್ತೆ ಗಾಳಿ.

ಸುತ್ತುಗಳ ನಡುವೆ ಪೈಪಿನ ಅರ್ಧದಷ್ಟಾದರೂ ಸಂದು ಬಿಡಿಸಿ. ಒಂದಕ್ಕೊಂದು ತಾಗಿ ಕೂತರೆ ಹೊರಗಿನ ನೀರು ಎಲ್ಲಿಂದ ಹೋಗಬೇಕು?

ಧಾರವಾಡದವ_ಪುಣೆ · ಶನಿವಾರ ಸಂಜೆ

ಡ್ರಮ್ ಇಟ್ಟೆವು, ತಗಡಿನ ಬಳೆ ಹಾಕಿದೆವು, ಕೂಲರ್ ಪಂಪ್ ಬಿಟ್ಟೆವು. ಬೆಳಗಿನ ಬ್ಯಾಚ್ 51 ಡಿಗ್ರಿ. ಮಧ್ಯಾಹ್ನ ಪಂಪಿನ ಬಾಯಿ ಸ್ವಲ್ಪ ಕೆಳಗೆ ತಿರುಗಿಸಿದ ಮೇಲೆ 50. ಬಾಟಲಿಗಳು ನೆಟ್ಟಗೆ ನಿಂತಿವೆ. ಸಾಹೇಬರು ಒಂದು ಬಾಟಲಿ ಕೈಯಲ್ಲಿ ಹಿಡಿದು ಅದರ ಹೊಟ್ಟೆ ಒತ್ತಿ ಒತ್ತಿ ನೋಡಿದರು. ಚಕ್ಕುಲಿಯ ಮಾತು ಬಿಟ್ಟಿದ್ದಾರೆ.

ಮೇ ತಿಂಗಳಲ್ಲಿ ತೊಟ್ಟಿಯ ನೀರು 30 ಉಳಿಯುವುದಿಲ್ಲ. ಅದಕ್ಕೇ 316ರ ಹೊಸ ಕಾಯಿಲ್, 13 ಮೀಟರ್ ಮಾಡಿಸೋಣ ಎಂದಿದ್ದೇವೆ. ಸರ್, ಉದ್ದ ಸಾಕಾ? ನಿಪ್ಪಾಣಿ ಅಣ್ಣಾ, ನೀವೇ ಮಾಡಿಕೊಡುತ್ತೀರಾ?

ಡೊಂಬಿವಲಿ_ನಿವೃತ್ತ · ಶನಿವಾರ ರಾತ್ರಿ

ನೀರು 30 ಇದ್ದರೆ 13 ಮೀಟರಿಗೆ 45ರ ಹತ್ತಿರ ಬರುತ್ತದೆ. ನೀರು 35 ಆದರೂ 50ರೊಳಗೆ ಉಳಿಯುತ್ತದೆ. ಸಾಕು. ವ್ಯಾಸ 25 ಸೆಂ.ಮೀ. ಅನ್ನೇ ಇಡಿ.

ಚಿಂಚವಾಡ_ನಿಪ್ಪಾಣಿ · ಶನಿವಾರ ರಾತ್ರಿ

ಮಾಡಿಕೊಡುತ್ತೇನೆ. 13 ಮೀಟರ್ ಒಂದೇ ತುಂಡು ಸಿಗುವುದಿಲ್ಲ, 6 ಮೀಟರಿನ ಪೈಪ್‌ಗಳನ್ನು ಜೋಡಿಸಬೇಕು. ಬೆಸುಗೆಯನ್ನು ಒಳಗಿನಿಂದ ಆರ್ಗಾನ್ ಹಾಯಿಸಿ ಹಾಕುತ್ತೇನೆ, ಒಳಗೆ ಗಂಟು ನಿಲ್ಲಬಾರದು. ಬುಧವಾರ ಸಂಜೆ ಪೈಪ್ ತೆಗೆದುಕೊಂಡು ಬನ್ನಿ. ಮರಳು ಹುರಿದು ಇಟ್ಟಿರುತ್ತೇನೆ.